ಎಲ್ಲರ ಪೆಟ್ಟಿಗೆಗಳ ಪಟ್ಟಿ

ಬೇರೆಯವರಿಗೆ ನಶ್ಯ ಹೇಗೋ ನನಗೆ ಪಟ್ಟಿ ಹಾಗೆ. ಸಂತೆಗೆ ಹೊರಟರೂ ಪಟ್ಟಿ, ನೆಂಟರ ಮನೆಗೆ ಹೊರಟರೂ ಪಟ್ಟಿ. ಮದುವೆಯಾದ ಹೊಸತರಲ್ಲಿ ಅಡುಗೆಮನೆಯ ಡಬ್ಬಗಳಿಗೆಲ್ಲ ನಂಬರು ಹಾಕಿ, ಬಾಗಿಲ ಹಿಂದೆ ಪಟ್ಟಿ ಅಂಟಿಸಿದ್ದೆ. ನನ್ನ ಹೆಂಡತಿ ಚಿನ್ನಮ್ಮ ಮಾರನೆಯ ದಿನವೇ ಏಳನೇ ನಂಬರಿನ ಮೆಂತ್ಯವನ್ನು ಮೂರನೇ ನಂಬರಿಗೆ ಸುರಿದು, "ನನ್ ಕೈಗೆ ಎಲ್ಲಾ ಗೊತ್ತೈತೆ, ಕಾಗ್ದಕ್ಕೆ ಯಾಕೆ ಗೊತ್ತಾಗ್ಬೇಕು?" ಎಂದಳು. ಸೇಲಂನ ಒಂದು ಆಫೀಸಿನಲ್ಲಿ ನಾನು ರೆಕಾರ್ಡು ಗುಮಾಸ್ತ. ಇಡೀ ದಿನ ಊರವರಿಗೆಲ್ಲ ಫೈಲು ಹುಡುಕಿಕೊಡುವವನಿಗೆ ಮನೆಯಲ್ಲಿ ಸಿಗುತ್ತಿದ್ದ ಮರ್ಯಾದೆ ಇಷ್ಟೇ.

ಆಗಿನ್ನೂ ಎಪ್ಪತ್ತರ ದಶಕದ ಶುರು. ನಮ್ಮ ಬಳಗದ ಕನ್ನಡದ ಮನೆಗಳು ಸೇಲಂ, ಓಮಲೂರು, ಎಡಪ್ಪಾಡಿ, ಕಾರಿಮಂಗಲಂ ಅಂತ ಚದುರಿಹೋಗಿದ್ದವು. ಒಬ್ಬೊಬ್ಬರಿಗೂ ಬೇರೆ ಬೇರೆ ಕಾಗದ ಬರೆಯುವುದು ಯಾರಿಂದಾದೀತು? ಓಮಲೂರಿನಲ್ಲಿ ಮೇಷ್ಟ್ರಾಗಿದ್ದ ನಮ್ಮ ಚಿಕ್ಕಪ್ಪ ಒಂದು ಉಪಾಯ ಮಾಡಿದರು. ಎಲ್ಲರಿಗೂ ಸೇರಿ ಒಂದೇ ನೋಟ್‌ಬುಕ್ಕು. ಬಸ್ಸಿನ ಕಂಡಕ್ಟರುಗಳ ಕೈಯಲ್ಲಿ ಅದು ಮನೆಯಿಂದ ಮನೆಗೆ ಸುತ್ತಬೇಕು. ಯಾರು ಬೇಕಾದರೂ ಏನನ್ನಾದರೂ ಕೇಳಬಹುದು, ಯಾರು ಬೇಕಾದರೂ ಉತ್ತರ ಬರೆಯಬಹುದು. ಕನ್ನಡದ ಅಕ್ಷರ ಬಲ್ಲವರು ಚಿಕ್ಕಪ್ಪ ಮತ್ತು ನಾನು ಇಬ್ಬರೇ. ಉಳಿದವರೆಲ್ಲ ಕನ್ನಡದ ಮಾತನ್ನೇ ತಮಿಳು ಅಕ್ಷರದಲ್ಲಿ ಬರೆಯುತ್ತಿದ್ದರು, ಇಲ್ಲವೇ ಬರೆಸುತ್ತಿದ್ದರು. ಒಮ್ಮೆ ಕಾರಿಮಂಗಲದವರು ಕುರಿಮರಿಯ ಹೊಟ್ಟೆ ಉಬ್ಬರಕ್ಕೆ ಮದ್ದು ಕೇಳಿದರು. ಎಡಪ್ಪಾಡಿಯ ಅತ್ತೆ ಓಮದ ಕಷಾಯ ಎಂದು ಬರೆದರು. ಅದು ಶುದ್ಧ ತಪ್ಪು ಎಂದರು ಚಿಕ್ಕಪ್ಪ. ನೀನು ಯಾವತ್ತು ಕುರಿ ಸಾಕಿದ್ದೀಯ ಎಂದರು ಅತ್ತೆ. ನೋಟ್‌ಬುಕ್ಕು ಕಾರಿಮಂಗಲಕ್ಕೆ ವಾಪಸಾಗುವ ಹೊತ್ತಿಗೆ ಮರಿ ತಾನಾಗಿಯೇ ಹುಷಾರಾಗಿ ಬೆಳೆದು ದೊಡ್ಡದಾಗಿತ್ತು. ಜಗಳ ಮಾತ್ರ ಇನ್ನೂ ನಾಲ್ಕು ಪುಟ ನಡೆಯಿತು.

ಆ ಜಗಳದ ನಡುವೆ ಅತ್ತೆ ಒಂದು ಮಾತು ಬರೆದಿದ್ದರು: "ನಮ್ ಪೆಟ್ಟಿಗೇಲಿ ತಾತನ ಮದ್ದಿನ ಪುಸ್ತಕ ಐತೆ, ಯಾರ್ ಬೇಕಾದ್ರೂ ಬಂದು ನೋಡ್ಕಳಿ." ನೋಡಿದರೆ ಎಲ್ಲರ ಮನೆಯಲ್ಲೂ ಅಂಥದೊಂದು ಪೆಟ್ಟಿಗೆ. ಯಾವುದಕ್ಕೂ ಬೀಗವಿಲ್ಲ, ಯಾವುದರಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿಲ್ಲ. ನನ್ನ ಕೈ ಸುಮ್ಮನಿರುತ್ತದೆಯೇ? ಎರಡು ತಿಂಗಳು ಭಾನುವಾರ ಬಂದರೆ ಬಸ್ಸು ಹತ್ತಿದೆ. ಜಾತಕ, ಹಳೆಯ ಪಂಚಾಂಗ, ಲಗ್ನಪತ್ರಿಕೆ, ಸೀರೆಯ ಅಂಚಿನ ಚಿತ್ರ, ಎಲ್ಲಕ್ಕೂ ನಂಬರು ಹಾಕಿದೆ. ಕೊನೆಯದು ಕಾರಿಮಂಗಲದ ಹತ್ತಿರ ಕುರಿ ಸಾಕಿಕೊಂಡಿದ್ದ ಚಿನ್ನಮ್ಮನ ತಮ್ಮ ಮಾದನ ಪೆಟ್ಟಿಗೆ. ಅದರಲ್ಲಿ ಹದಿನಾಲ್ಕು ಕಾಗದ ಸಿಕ್ಕವು. ಹದಿನೈದನೆಯದೂ ಒಂದಿತ್ತು: ಗಟ್ಟಿ ಕಂದು ಕಾಗದ, ಒಂದು ಮಗ್ಗುಲಲ್ಲಿ ಮಾಸಿದ ನಾಲ್ಕು ಸಾಲು, ಕೆಳಗೆ ಎರಡು ಕುಂಕುಮದ ಕಲೆ. ಆ ಸಾಲುಗಳನ್ನು ಓದುವಷ್ಟು ತಾಳ್ಮೆ ನನಗಿರಲಿಲ್ಲ. ನನ್ನ ಪಟ್ಟಿಯ ಪುಸ್ತಕಕ್ಕೆ ಬೈಂಡು ಹಾಕಲು ಒಂದು ಒಳ್ಳೆಯ ಕಾಗದವಂತೂ ಬೇಕಿತ್ತು. ಕುಂಕುಮವಿದೆ, ಶುಭವೇ ಆಯಿತು ಅಂದುಕೊಂಡು, ಬರಹವನ್ನು ಒಳಗೆ ಮಾಡಿ ಅಚ್ಚುಕಟ್ಟಾಗಿ ಹೊದಿಸಿದೆ. ಮಾದನನ್ನು ಕೇಳಲೂ ಇಲ್ಲ.

ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ ಮಾದ ಸೇಲಂಗೆ ಬಂದ. ಚಿನ್ನಮ್ಮ ಕಾಫಿ ಕೊಟ್ಟರೆ ಮುಟ್ಟಲಿಲ್ಲ.

"ಬಾವ, ಪಕ್ಕದ ಒಲದವನು ನಮ್ ಕುರಿ ದಾರಿಗೆ ಬೇಲಿ ಆಕ್ಬಿಟ್ಟವ್ನೆ. ಕೆರೆಗೆ ಓಗಾಕೆ ದಾರಿ ಇಲ್ಲ. ಮರಿಗಳು ಊರೆಲ್ಲಾ ಸುತ್ಕಂಡು ನೀರಿಗೆ ಓಗ್ಬೇಕು, ಅರ್ಧ ದಾರೀಲೇ ಮಲಗ್ಬಿಡ್ತವೆ. ಅವರಪ್ಪನೂ ನಮ್ಮಪ್ಪನೂ ಆ ದಾರಿ ಬಗ್ಗೆ ಒಪ್ಕಂಡು ಪತ್ರ ಮಾಡಿದ್ರು. ನಾಳೆ ಊರ ದೊಡ್ಡೋರು ಪಂಚಾಯ್ತಿಗೆ ಕೂತ್ಕತ್ತಾರೆ. ಪತ್ರ ತಂದ್ರೆ ಬೇಲಿ ತೆಗೆಸ್ತೀವಿ, ಇಲ್ಲಾಂದ್ರೆ ಇಲ್ಲ ಅಂದವ್ರೆ. ಪೆಟ್ಟಿ ತಲೆಕೆಳಗು ಮಾಡ್ದೆ, ಸಿಗ್ಲಿಲ್ಲ. ನಿನ್ ಪಟ್ಟೀಲಿ ನೋಡು ಬಾವ, ಯಾರ ಮನೇಲೈತೆ ಅಂತ."

ನನ್ನ ಪಟ್ಟಿಯನ್ನು ಒಬ್ಬರು ಕೇಳಿಕೊಂಡು ಬಂದದ್ದು ಅದೇ ಮೊದಲು. ಕನ್ನಡಕ ಒರೆಸಿಕೊಂಡು, ಮೊದಲಿಂದ ಕೊನೆಯವರೆಗೆ ಎರಡು ಸಲ ಗಂಭೀರವಾಗಿ ಓದಿದೆ. "ಇಲ್ಲಪ್ಪ ಮಾದ. ಪಟ್ಟಿಯಲ್ಲಿ ಇಲ್ಲ ಅಂದಮೇಲೆ ಅಂಥ ಪತ್ರ ಇಲ್ಲ ಅಂತಲೇ ಅರ್ಥ" ಎಂದೆ. ಮಾದನ ಕಣ್ಣಲ್ಲಿ ನೀರು ಬಂತು. ಓದು ಬಾರದ ಅವನು ಪುಸ್ತಕವನ್ನು ಕೈಗೆ ತೆಗೆದುಕೊಂಡು, ಏನೂ ತೋಚದೆ ಬೈಂಡಿನ ಮಡಿಕೆಯನ್ನು ಬಿಡಿಸುತ್ತ ಮಡಿಸುತ್ತ ಕೂತ. ಇದ್ದಕ್ಕಿದ್ದಂತೆ ಅವನ ಬೆರಳು ನಿಂತಿತು.

"ಅಕ್ಕಾ, ಇಲ್ ನೋಡೇ! ಅಪ್ಪನ ಎಬ್ಬೆಟ್ಟು!"

ಅದು ಕುಂಕುಮವಲ್ಲವಂತೆ. ಪತ್ರ ಬರೆದ ದಿನ ಹೆಬ್ಬೆಟ್ಟು ಒತ್ತಲು ಶಾಯಿ ಮುಗಿದುಹೋಗಿ, ಕುರಿಗೆ ಗುರುತು ಹಾಕುವ ಕೆಮ್ಮಣ್ಣಿನಲ್ಲೇ ಇಬ್ಬರೂ ಒತ್ತಿದ್ದರಂತೆ. ನಾನು ಏನಾದರೂ ಹೇಳೋಣವೆಂದು ಬಾಯಿ ತೆರೆದೆ. ಚಿನ್ನಮ್ಮ ಬಿಡಲಿಲ್ಲ. "ಊರೋರ ಪಂಚಾಂಗಕ್ಕೆಲ್ಲಾ ನಂಬರ್ ಆಕಿದ್ರಲ್ಲ, ನಮ್ಮಪ್ಪನ ಬೆರಳಿಗೆ ಒಂದ್ ನಂಬರ್ ಸಿಗ್ಲಿಲ್ವಾ?" ಎಂದಳು. ಭೂಮಿ ಬಾಯಿಬಿಟ್ಟರೆ ಇಳಿದುಬಿಡೋಣ ಅನ್ನಿಸಿತು. ಬೈಂಡು ಬಿಚ್ಚಿಕೊಡಲು ಕೈ ಚಾಚಿದೆ. "ಬ್ಯಾಡ ಬಾವ, ನೀ ಮುಟ್ಬ್ಯಾಡ, ಅರಿದೋದೀತು. ಇಂಗೇ ಒಯ್ತೀನಿ" ಎಂದು ಮಾದ ಇಡೀ ಪಟ್ಟಿಯನ್ನೇ ಎದೆಗವಚಿಕೊಂಡು ಬಸ್ಸಿಗೆ ಓಡಿದ.

ಬೇಲಿ ಹೋಯಿತು. ಮುಂದಿನ ವಾರ ಕಂಡಕ್ಟರು ಸುತ್ತುವ ನೋಟ್‌ಬುಕ್ಕಿನ ಜೊತೆ ನನ್ನ ಪಟ್ಟಿಯನ್ನೂ ತಂದುಕೊಟ್ಟ. ಮೇಲೆ ಬೈಂಡಿಲ್ಲ, ಉಣ್ಣೆಯ ಹುರಿಯಲ್ಲಿ ಕಟ್ಟಿತ್ತು. ನೋಟ್‌ಬುಕ್ಕಿನಲ್ಲಿ ಮಾದ ಯಾರಿಂದಲೋ ನಾಲ್ಕೂ ಊರಿನವರು ಓದುವಂತೆ ಬರೆಸಿದ್ದ: "ಬಾವನ ಪಟ್ಟಿ ಬಲೇ ಉಪಯೋಗ ಆಯ್ತು. ಬೇಕಾದ್ದು ಇಟ್ಕಂಡು ಮಿಕ್ಕಿದ್ದು ಕಳಿಸಿವ್ನಿ."

ನಾನು ತೆಪ್ಪಗೆ ಮಾದನ ಪೆಟ್ಟಿಗೆಯ ಪುಟದಲ್ಲಿ ಹದಿನೈದನೇ ನಂಬರು ಬರೆದು, ಬೈಂಡಿಗೆ ಬೇರೆ ಕಾಗದ ಹುಡುಕತೊಡಗಿದೆ. ಚಿನ್ನಮ್ಮ ಅಡುಗೆಮನೆಗೆ ಹೋಗಿ ಬಾಗಿಲ ಹಿಂದಿನಿಂದ ಏನನ್ನೋ ಪರಪರ ಕಿತ್ತು ತಂದು ನನ್ನ ಮುಂದಿಟ್ಟಳು. ನನ್ನದೇ ಡಬ್ಬಗಳ ಪಟ್ಟಿ. "ಇದನ್ನ ಆಕ್ಕಳಿ" ಎಂದಳು. "ಇದನ್ನ ಹುಡುಕ್ಕಂಡು ಯಾರೂ ಬರಾಕಿಲ್ಲ."