ಇಪ್ಪತ್ತೆರಡು ವರ್ಷ ನಿಂತಿದ್ದ ಸೈಕಲ್ಲು

ನಮ್ಮ ಮನ್ಯಾಗ ಯಾರಾದ್ರೂ "ನಾಳಿಂದ ಶುರು" ಅಂದ್ರು ಅಂದ್ರ ಮುಗೀತು, ಓಣಿ ಮಂದಿ ಚಾಪಿ ಹಾಸ್ಕೊಂಡು ನಗಾಕ ಕುಂದರಬಹುದು. ಈ ದಸರಾ ರಜಾದಾಗಂತೂ ನಾಲ್ಕೂ ಮಂದಿ ಒಟ್ಟಿಗೇ "ನಾಳಿಂದ ಶುರು" ಅಂದ್ವಿ. ನಾನು ಕೂಡ್ಲಿಗಿ ಹತ್ರ ಒಂದು ಹಳ್ಳಿ ಸಾಲಿ ಟೀಚರ್. ನಮ್ಮನಿಯವ್ರದು ಊರಾಗ ಜೆರಾಕ್ಸ್ ಅಂಗಡಿ. ಮಗಳು ಡಿಗ್ರಿ ಎರಡನೇ ವರ್ಷ. ಇನ್ನ ನಮ್ಮ ಅತ್ತಿಯವ್ರು: ವಯಸ್ಸು ಎಪ್ಪತ್ತು ದಾಟೈತಿ, ನಾಲಗಿ ಇನ್ನೂ ಹದಿನೆಂಟರಾಗ ಐತಿ.

ಟ್ರಂಕಿನ್ಯಾಗ ಸಿಕ್ಕ ಪಟ್ಟಿ

ಈ ಸಲ ಕಾರವಾರದ ಸಮುದ್ರ ನೋಡಾಕ ಹೋಗಬೇಕು ಅಂತಿತ್ತು. ಮಳಿಗಾಲದಾಗ ಮನಿ ಸೋರಿ, ಸಮುದ್ರ ತಾನಾ ಮನಿಗೆ ಬಂತು. ಸೋರಿದ್ದನ್ನ ರಿಪೇರಿ ಮಾಡಿಸೋದ್ರಾಗ ಕೂಡಿಟ್ಟಿದ್ದೆಲ್ಲಾ ಹೋತು. ರಜಾಕ್ಕ ಮನ್ಯಾಗಾ ಕುಂದರೋದು ಅಂತ ಎಲ್ಲಾರೂ ಮಾರಿ ಇಳಿ ಬಿಟ್ಟಿದ್ವಿ.

ಹಬ್ಬಕ್ಕ ಮನಿ ಸ್ವಚ್ಛ ಮಾಡುವಾಗ ಮಗಳಿಗೆ ನನ್ನ ಟ್ರಂಕಿನ್ಯಾಗ ಒಂದು ಹಳೇ ನೋಟ್‌ಬುಕ್ಕು ಸಿಕ್ತು. ಮೊದಲನೇ ಪುಟದಾಗ ನನ್ನ ಗುಂಡು ಅಕ್ಷರ: "ಈ ವರ್ಷ ಕಲಿಯೋದು. ಒಂದು, ಸೈಕಲ್." ಎರಡು ಅಂತ ಬರದು ಖಾಲಿ ಬಿಟ್ಟಿದ್ದೆ.

"ಅವ್ವಾ, ಸೈಕಲ್ ಯಾಕ ಬಿಟ್ಟೆ?" ಅಂದ್ಲು.

ಅದನ್ನ ಹೇಳಾಕಾ ಬೇಕು. ನನ್ನ ತವರುಮನಿ ಹಡಗಲಿ. ಇಪ್ಪತ್ತೆರಡು ವರ್ಷದ ಹಿಂದ ಅಣ್ಣನ ಸೈಕಲ್ ತಗೊಂಡು ಮೂರು ದಿನ ಆಗಿತ್ತು ಕಲಿಯಾಕ ಹತ್ತಿ. ಆವತ್ತು ಮಧ್ಯಾಹ್ನ ನನ್ನ ನೋಡಾಕ ಗಂಡಿನ ಕಡಿಯವ್ರು ಬರೋರಿದ್ರು. ಅವ್ರು ಮುಂಜಾನಿ ಬಸ್ಸಿಗೇ ಬಂದುಬಿಟ್ರು. ನಾನು ಓಣಿ ತಿರುಗೋದಕ್ಕೂ, ಬಾಳಿಹಣ್ಣಿನ ಚೀಲ ಹಿಡ್ಕೊಂಡ ಒಬ್ಬ ಹೆಣ್ಮಗಳು ನಡು ದಾರಿಗೆ ಬರೋದಕ್ಕೂ ಸರಿ ಹೋತು. ಧಡ್ ಅಂತ ಇಬ್ಬರೂ ಬಿದ್ವಿ. ನಾನು ಏಳೂದಕ್ಕಿಂತ ಮೊದಲಾ ಬಾಯಿ ತೆಗೆದೆ: "ಸೈಕಲ್ ಬರಾದು ಕಾಣಲ್ಲೇನ್ರಿ? ದಾರಿ ಬಿಡಾಕ ಬರಲ್ಲೇನು? ತಪ್ಪು ನಿಮ್ಮದಾ!"

ಆಕಿ ಸೀರಿ ಕೊಡವಿಕೊಂಡು, ನನ್ನ ಮ್ಯಾಲಿಂದ ಕೆಳಗ ನೋಡಿ, "ಹುಡುಗಿ ಮನಿ ಯಾವುದು?" ಅಂತ ನನ್ನಾ ಕೇಳಿದ್ಲು.

ಒಂದು ತಾಸಿನ ಮ್ಯಾಲ ಆಕಿ ಮುಂದನಾ ಚಾ ಹಿಡ್ಕೊಂಡು ನಿಂತೆ. ಚಾ ಪೂರಾ ಕುಡದು ಆಕಿ ಅಂದ್ಲು, "ಹುಡುಗಿ ಒಪ್ಪಿಗಿ. ಆದ್ರ ಇನ್ನ ಮ್ಯಾಲ ಸೈಕಲ್ ಮುಟ್ಟಬಾರದು." ನಾನು ಗೋಣು ಹಾಕಿದೆ. ಹಿಂಗ ಆಕಿ ನಮ್ಮ ಅತ್ತಿ ಆದ್ರು.

ಅವತ್ತಿಂದ ಇವತ್ತಿನ ತನಕ ತಪ್ಪು ಯಾರದು ಅನ್ನೋದು ಮಾತ್ರ ತೀರ್ಮಾನ ಆಗಿಲ್ಲ. ಸಾರಿಗೆ ಉಪ್ಪು ಹೆಚ್ಚಾದ್ರೂ, ಹಾಲು ಉಕ್ಕಿದ್ರೂ ಅತ್ತಿಯವ್ರದು ಒಂದಾ ಮಾತು: "ಅವತ್ತೂ ಮುಂದ ನೋಡಲಿಲ್ಲ, ಇವತ್ತೂ ನೋಡಲಿಲ್ಲ!"

ಹತ್ತು ಸಾವಿರ ಹೆಜ್ಜಿ

ಮಗಳು ಆರ್ಡರ್ ಹೊಂಡಿಸಿಬಿಟ್ಲು: ಎಲ್ಲಾರೂ ಅರ್ಧಕ್ಕ ಬಿಟ್ಟ ಒಂದು ಕೆಲಸ ಈ ರಜಾದಾಗ ಮುಗಿಸಬೇಕು. ರೊಕ್ಕ ಖರ್ಚು ಆಗಬಾರದು. ಕೊನೀಗೆ ಎಲ್ಲಾರೂ ಕೂಡಿ ಹಡಗಲಿಗೆ ಹೋಗಿ ಎರಡು ದಿನ ಇದ್ದು ಬರೋದು, ಅದಾ ನಮ್ಮ ಟೂರು. ಆಕಿ ತಾನು ರೀಲ್ಸ್ ನೋಡೋದು ಬಿಡ್ತೀನಿ ಅಂದ್ಲು. ನಮ್ಮನಿಯವ್ರು ಹೊಟ್ಟಿ ಸವರಿಕೊಂಡು, "ನಾನು ಮತ್ತ ವಾಕಿಂಗ್ ಶುರು ಮಾಡ್ತೀನಿ" ಅಂದ್ರು. ಅತ್ತಿಯವ್ರು "ನಂದು ಕೊನೀ ದಿನ ಹೇಳ್ತೀನಿ, ಈಗ ನಿಮಗ್ಯಾಕ?" ಅಂದ್ರು. ಅವ್ರು ಎದುರಿಗೇ ಕುಂತಿದ್ರಲ್ಲಾ, ನಾನು "ಕಸೂತಿ" ಅಂತ ಹೇಳಿ ಮಗಳಿಗೆ ಕಣ್ಣು ಹೊಡದೆ. ಆಕಿಗೆ ತಿಳೀತು. ಹಡಗಲಿಯ ಅದಾ ಓಣ್ಯಾಗ, ಅಣ್ಣನ ಬಾಗಿಲಿಂದ ಬೇವಿನ ಗಿಡದ ತನಕ ಹೋಗಿ ತಿರುಗಿ ಬರಬೇಕು, ಬೀಳದಂಗ. ಆ ಓಣಿ ಮಂದಿ ನನ್ನ ಇನ್ನೂ "ಅತ್ತಿ ಮ್ಯಾಲ ಸೈಕಲ್ ಹತ್ತಿಸಿದಾಕಿ" ಅಂತಾನ ಗುರುತು ಹಿಡಿಯೋದು. ಆ ಹೆಸರು ಅಳಿಸಿ ಬರಬೇಕು ಅಂತ ಹಟ ಬಂದಿತ್ತು ನನಗ.

ಮಗಳು ತನ್ನ ಕೈಯಾಗಿನ ಹೆಜ್ಜಿ ಎಣಿಸೋ ಪಟ್ಟಿನ ಅಪ್ಪನ ಕೈಗೆ ಕಟ್ಟಿದ್ಲು. "ದಿನಾ ಹತ್ತು ಸಾವಿರ ಹೆಜ್ಜಿ, ಸಂಜಿಕ ನಾನು ಚೆಕ್ ಮಾಡ್ತೀನಿ." ಮೊದಲ ದಿನ ಮೂರು ಸಾವಿರ ಬಂತು, ಬಾಯಿಂದ ಮಿರ್ಚಿ ವಾಸನಿನೂ ಬಂತು. ಎರಡನೇ ದಿನ ಹನ್ನೊಂದು ಸಾವಿರ! ಮೂರನೇ ದಿನ ಹದಿಮೂರು! ಮಗಳು ಕುಣದಾಡಿಬಿಟ್ಲು. ನನಗೂ ಖುಷಿ ಆತು, ಪಾಪ ಎಷ್ಟು ನಡೀತಾರ ಅಂತ ಎರಡು ಚಮಚ ತುಪ್ಪ ಹೆಚ್ಚಿಗೇ ಹಾಕಿದೆ.

ನಾಲ್ಕನೇ ದಿನ ಅಡಗಿಮನಿಗೆ ಹೋಗಿ ನೋಡ್ತೀನಿ, ಅತ್ತಿಯವ್ರು ಹಡಗಲಿ ಟೂರಿಗೆ ಅಂತ ರೊಟ್ಟಿ ಬಡಿಯಾಕ ಹತ್ಯಾರ, ಟಪ ಟಪ ಟಪ ಟಪ. ಬಳಿ ನಡುವ ಆ ಪಟ್ಟಿ! ಬಡದ ಒಂದೊಂದು ಏಟಿಗೂ ಒಂದೊಂದು ಹೆಜ್ಜಿ. ನಮ್ಮನಿಯವ್ರು ಹಿಂದಿನ ಕೋಣ್ಯಾಗ ಅರಾಮ ಮಲಗ್ಯಾರ.

"ಅತ್ತೀ, ಇದೇನ್ರಿ?" ಅಂದೆ.

"ಮಗ ಕಟ್ಟಿ ಹೋಗ್ಯಾನವ್ವ, ಕೈ ನೋವಿಗೆ ಚಲೋ ಅಂತ," ಅಂದ್ರು. ಸಂಗತಿ ಹೇಳಿದ ಕೂಡಲೇ ಹಂಚಿನ ಮ್ಯಾಲಿನ ರೊಟ್ಟಿ ತಿರುವಿ ಹಾಕಿ ಕೂಗಿದ್ರು, "ಲೇ ಮಗನಾ, ನಾನು ಒಲಿ ಮುಂದ ಕುಂತು ಹಂಪಸಾಗರಕ್ಕ ಹೋಗಿ ಬಂದೆ, ನೀನು ಹಾಸಿಗಿ ಬಿಟ್ಟು ಬಚ್ಚಲಿಗಾದ್ರೂ ಹೋಗಲೇ!"

ಗಿರಣಿಗೆ ಹೋಗಿ ಬರ್ತೀನ್ರಿ

ನನ್ನ ಕಲಿಯಾಟ ಕದ್ದು ನಡೀತಿತ್ತು. ಹೈಸ್ಕೂಲಿನ್ಯಾಗ ಮಗಳಿಗೆ ಕೊಟ್ಟಿದ್ದ ಸೈಕಲ್ಲು ಹಿತ್ತಲದಾಗ ತುಕ್ಕು ಹಿಡದು ನಿಂತಿತ್ತು. ಮಗಳು ಒಂದು ನೆವ ಹೇಳಿ ಅದನ್ನ ಹೊರಗ ಒಯ್ತಿದ್ಲು, ನಾನು ಹಿಂದಾ "ಗಿರಣಿಗೆ ಹೋಗಿ ಬರ್ತೀನ್ರಿ ಅತ್ತೀ" ಅಂತ ಡಬ್ಬಿ ಹಿಡ್ಕೊಂಡು ಹೊಂಡ್ತಿದ್ದೆ. ಮೈದಾನದಾಗ ಭೇಟಿ.

ಮೊದಲ ದಿನ ಸೈಕಲ್ ನನ್ನ ಮ್ಯಾಲ ಬಿತ್ತು. ಎರಡನೇ ದಿನ ನಾನು ಸೈಕಲ್ ಮ್ಯಾಲ ಬಿದ್ದೆ. ಮಗಳು ಕ್ಯಾರಿಯರ್ ಹಿಡ್ಕೊಂಡು ಓಡಿ ಓಡಿ ಸಾಕಾಗಿ, "ಎಷ್ಟು ಸಲ ಹೇಳಬೇಕು ನಿನಗ? ಕಿವಿ ಎಲ್ಲಿಟ್ಟೀಯ? ಕೆಳಗ ನೋಡಬ್ಯಾಡ, ಮುಂದ ನೋಡು!" ಅಂದ್ಲು. ಸಾಲ್ಯಾಗ ನಾನು ಮಕ್ಕಳಿಗೆ ಅನ್ನೋ ಧಾಟಿನ ಅದು, ಒಂದಕ್ಷರ ಬಿಟ್ಟಿಲ್ಲ. ಬೈಸಿಕೊಂಡಾಗ ಹೆಂಗ ಆಗ್ತೈತಿ ಅಂತ ಆವತ್ತು ಗೊತ್ತಾತು. ರಜಾ ಮುಗದ ಮ್ಯಾಲ ಸಾಲಿ ಮಕ್ಕಳಿಗೆ ಒಂದು ತಿಂಗಳು ಬೈಯಂಗಿಲ್ಲ ಅಂತ ಅಲ್ಲೇ ಆಣಿ ಮಾಡಿದೆ.

ಆರನೇ ದಿನ, ಯಪ್ಪಾ, ಏನು ಹೇಳಲಿ! ಹಿಂದ ಮಗಳು ಹಿಡ್ಕೊಂಡಾಳ ಅಂತ ತಿಳ್ಕೊಂಡು ತುಳಕೋತ ಹೋಗೀನಿ. ತಿರುಗಿ ನೋಡಿದ್ರ ಆಕಿ ದೂರ ನಿಂತು ಎರಡೂ ಕೈ ಎತ್ತಿ ಕುಣಿಯಾಕ ಹತ್ಯಾಳ. ನಲವತ್ತಾರು ವರ್ಷದ ಹೆಂಗಸು ನಾನು, ಖಾಲಿ ಮೈದಾನದಾಗ "ಬಂತು! ಬಂತು! ನನಗ ಬಂತು!" ಅಂತ ಹುಚ್ಚಿಯಂಗ ಕೂಗೀನಿ.

ಅದಾ ಖುಷ್ಯಾಗ ಕುಂಟಕೋತ ಮನಿಗೆ ಬಂದೆ. ಅತ್ತಿಯವ್ರು ಬಾಗಿಲಾಗ ಕುಂತು ಅವರಿಕಾಯಿ ಸುಲಿಯಾಕ ಹತ್ತಿದ್ರು. ನನ್ನ ಕೈಯಾಗಿನ ಡಬ್ಬಿ ಇಸ್ಕೊಂಡು ಅಲ್ಲಾಡಿಸಿದ್ರು. ಖಾಲಿ ಡಬ್ಬಿ. ನನ್ನ ಮೊಣಕಾಲು ನೋಡಿದ್ರು, ಗಾಯ.

"ಆರು ದಿನ ಆತು ಗಿರಣಿಗೆ ಹೊಂಟು. ಹಿಟ್ಟು ಬರವಲ್ದು, ಮೊಣಕಾಲು ಮಾತ್ರ ನುಣ್ಣಗ ಬೀಸಿಸ್ಕೊಂಡು ಬರಾಕ ಹತ್ತೀಯಲ್ಲ!" ಅಂದ್ರು. ಡಬ್ಬಿ ಪಕ್ಕಕ್ಕಿಟ್ಟು ಮತ್ತ ಅವರಿಕಾಯಿ ಸುಲಿಯಾಕ ಹತ್ತಿದ್ರು.

ಒಂದಾ ಕಂತಿಯಾಗ ನಾಲ್ಕು ಕಾರ್ಡು

ಹಡಗಲಿಗೆ ಹೊಂಟ ದಿನ. ಬಸ್ಸಿನ್ಯಾಗ ಹೆಣ್ಮಕ್ಕಳಿಗೆ ಪುಕ್ಕಟೆ. ಮನ್ಯಾಗ ಮೂರು ಹೆಣ್ಣು, ಒಂದು ಗಂಡು. "ನಮ್ಮ ಟೂರಿನ ಒಟ್ಟು ಖರ್ಚು ಅಂದ್ರ ನೀನಾ ಅಪ್ಪಾ," ಅಂತ ಮಗಳು ಚಾಷ್ಟಿ ಮಾಡಿದ್ಲು.

ಹಬ್ಬದ ಬಸ್ಸು, ಕಾಲಿಡಾಕ ಜಾಗ ಇಲ್ಲ. ಕಳೀಬಾರದು ಅಂತ ಅತ್ತಿಯವ್ರು ನಾಲ್ಕೂ ಮಂದಿ ಆಧಾರ್ ಕಾರ್ಡಿಗೆ ಒಂದು ರಬ್ಬರ್ ಹಾಕಿ ಬಟವಿ ಚೀಲದಾಗ ಇಟ್ಟಿದ್ರು. ಕಂಡಕ್ಟರ್ ದೂರದಿಂದ "ಟಿಕೀಟ್, ಟಿಕೀಟ್" ಅಂದಾಗ, ಆ ಕಂತಿನ ಎತ್ತಿ ತೋರಿಸಿ, "ನಾಲ್ಕು ಅದಾವು ನೋಡಪ್ಪಾ!" ಅಂದ್ರು. ಹೆಣ್ಮಗಳ ಕೈಯಾಗ ನಾಲ್ಕು ಕಾರ್ಡು ನೋಡಿ ಅವ್ರು ನಾಲ್ಕು ಪುಕ್ಕಟೆ ಟಿಕೀಟು ಹರದು, ಮಂದಿ ಕೈಯಿಂದ ಕೈಗೆ ದಾಟಿಸಿಬಿಟ್ರು. ಹಿಂದ ಕಂಬಕ್ಕ ಜೋತು ಬಿದ್ದಿದ್ದ ನಮ್ಮನಿಯವ್ರು, ಅವ್ವ ತನ್ನದೂ ರೊಕ್ಕ ಕೊಟ್ಲು ಅಂತ ನೆಮ್ಮದಿಯಾಗಿದ್ರು.

ಹಗರಿಬೊಮ್ಮನಹಳ್ಳಿ ದಾಟಿದ ಮ್ಯಾಲ ಚೆಕಿಂಗಿನವ್ರು ಹತ್ತಿದ್ರು. ನಮ್ಮನಿಯವ್ರು ಠೀವಿಯಿಂದ ಟಿಕೀಟು ತೆಗದು ಕೊಟ್ರು. ಚೆಕಿಂಗಿನವ್ರು ಟಿಕೀಟು ನೋಡಿದ್ರು, ಇವ್ರ ಮೀಸಿ ನೋಡಿದ್ರು, ಮತ್ತ ಟಿಕೀಟು ನೋಡಿದ್ರು.

"ಸರ್, ಇದು ಹೆಣ್ಮಕ್ಕಳ ಟಿಕೀಟು."

"ನಾನು ಗಂಡಸು ಸರ್!" ಅಂತ ಇವ್ರು ಗಾಬರಿಲೆ ಕೂಗಿದ್ರು.

"ಅದು ನಮಗ ಕಾಣ್ತೈತ್ರಿ. ಟಿಕೀಟಿಗೆ ಕಾಣವಲ್ದು."

ಅತ್ತಿಯವ್ರು ಎದ್ದು ನಿಂತು, "ನನ್ನ ಹೊಟ್ಟ್ಯಾಗ ಹುಟ್ಟಿದವ ಅದಾನ, ನನಗ ಪುಕ್ಕಟೆ ಅಂದ್ರ ಅವಗೂ ಪುಕ್ಕಟೆ ಅಲ್ಲೇನಪ್ಪಾ?" ಅಂತ ವಾದ ಹೂಡಿದ್ರು. ಇಡೀ ಬಸ್ಸು ನಕ್ಕಿತು. ಚೆಕಿಂಗಿನವ್ರೂ ನಕ್ರು, ಆದ್ರ ನಗಾಕ ಹತ್ತಿದ್ರೂ ಅವ್ರ ಕೈ ದಂಡದ ರಸೀದಿ ಬರಿಯೋದು ಬಿಡಲಿಲ್ಲ. ಮಿರ್ಚಿ ಮಂಡಕ್ಕಿಗೆ ಅಂತ ಇಟ್ಟಿದ್ದ ರೊಕ್ಕ ಅದರಾಗ ಹೋತು. ಹಡಗಲಿ ಮುಟ್ಟೋ ತನಕ ನಮ್ಮನಿಯವ್ರು ಮೀಸಿ ಮ್ಯಾಲಿಂದ ಕೈ ತೆಗಿಲಿಲ್ಲ.

ಬೇವಿನ ಗಿಡದ ತನಕ

ಕೊನೀ ದಿನ ಮುಂಜಾನಿ ಅಣ್ಣನ ಮಗಳ ಸೈಕಲ್ಲು ಬಾಗಿಲಿಗೆ ಬಂತು. ಓಣಿ ಮಂದಿ ಕಟ್ಟಿ ಮ್ಯಾಲ ಜಮಾಸಿದ್ರು. "ಅತ್ತಿ ಮ್ಯಾಲ ಹತ್ತಿಸಿದಾಕಿ ಮತ್ತ ಬಂದಾಳ, ಮಕ್ಕಳನ್ನ ಒಳಗ ಕರ್ಕೊಳ್ರಿ" ಅಂತ ಯಾರೋ ಅಂದ್ರು. ನಾನು ಹ್ಯಾಂಡಲ್ ಹಿಡದಾಕಿ ಹತ್ತದಾ ಅಲ್ಲೇ ನಿಂತೆ. ಮಂದಿ ನಗೋದಕ್ಕಲ್ಲ. ಅತ್ತಿಯವ್ರು ಬಾಗಿಲಾಗ ನಿಂತು ನೋಡಾಕ ಹತ್ತಿದ್ರು. ಅವ್ರು ಬ್ಯಾಡ ಅಂದಿದ್ರ, ಖರೇನ ಹೇಳ್ತೀನಿ, ಸೈಕಲ್ ಅಲ್ಲೇ ಬಿಟ್ಟು ಒಳಗ ಹೋಗ್ತಿದ್ದೆ. ಕೊಟ್ಟ ಮಾತು ಮಾತಾ ಅಲ್ಲೇನು?

"ಅತ್ತೀ," ಅಂದೆ, "ಹೋಗ್ಲೇನ್ರಿ?"

ಅವ್ರು ಸೆರಗು ನಡಕ್ಕ ಸಿಗಿಸ್ಕೊಂಡು ಮೆಟ್ಟಲು ಇಳದು ಬಂದ್ರು. ಸೈಕಲ್ ಹಿಡ್ಕೊಂಡು ಅಲ್ಲಾಡಿಸಿ ನೋಡಿದ್ರು.

"ನಂದು ಕೊನೀ ದಿನ ಹೇಳ್ತೀನಿ ಅಂದಿದ್ದೆ ಅಲ್ಲ? ಸಣ್ಣಾಕಿ ಇದ್ದಾಗಿಂದ ಸೈಕಲ್ ಹಿಂದ ಕುಂದ್ರಬೇಕು ಅಂತಿತ್ತು ನನಗ. ನಮ್ಮಪ್ಪ ಬೈತಿದ್ದ, ನಿಮ್ಮ ಮಾವಗ ಬರ್ತಿರಲಿಲ್ಲ, ಈ ಮಗಗ ಅಂಜಿಕಿ." ಅಂದವ್ರಾ ಕ್ಯಾರಿಯರ್ ಮ್ಯಾಲ ಕುಂತುಬಿಟ್ರು! "ನಡಿ. ಈ ಸಲ ಮುಂದ ನೋಡು."

ನಾನು ತುಳದೆ. ಮೊದಲು ಹಾವು ಹರದಂಗ ಹೋತು, ಆಮ್ಯಾಲ ನೆಟ್ಟಗ ಆತು. ಹಿಂದಿಂದ ಅತ್ತಿಯವ್ರು ನನ್ನ ನಡ ಗಟ್ಟಿ ಹಿಡ್ಕೊಂಡು "ಓಡಸು! ಓಡಸು!" ಅಂತ ಕೂಗಾಕ ಹತ್ತಿದ್ರು. ಓಣಿ ಮಂದಿ ಚಪ್ಪಾಳಿ. ಬೇವಿನ ಗಿಡ ಬಂತು. ಅಣ್ಣ ಅಲ್ಲೇ ನಿಂತು ಸೈಕಲ್ ತಿರುವಿ ಕೊಟ್ಟ. ವಾಪಸ್ ಹೊಂಟ್ವಿ. ಅಣ್ಣನ ಬಾಗಿಲು ಇನ್ನೇನು ಬಂತು ಅನ್ನೋದಕ್ಕ, ನಮ್ಮನಿಯವ್ರು ವೀಡಿಯೋ ಮಾಡ್ಕೋತ ನಡು ದಾರಿಗೆ ಬಂದ್ರು.

"ಪಕ್ಕಕ್ಕ ಸರೀರೀ!" ಅಂದೆ. ನಾನು ಎಡಕ್ಕ ತಿರುವಿದೆ, ಅವ್ರೂ ಎಡಕ್ಕ ಸರಿದ್ರು. ಬಲಕ್ಕ ತಿರುವಿದೆ, ಅವ್ರೂ ಬಲಕ್ಕ. ಮೊಬೈಲಿನ್ಯಾಗ ನೋಡ್ಕೋತ ನಗಾಕ ಹತ್ಯಾರ! ದಾರಿ ಪಕ್ಕ ಒಣಗಾಕ ಹಾಕಿದ್ದ ಮೆಕ್ಕಿಜೋಳದ ರಾಶಿಯಾಗ ಸೈಕಲ್ಲು, ನಾನು, ಅತ್ತಿ, ನಮ್ಮನಿಯವ್ರು, ಎಲ್ಲಾರೂ ಒಟ್ಟಿಗೇ ಧಡ್ ಅಂತ ಬಿದ್ವಿ.

"ಅತ್ತೀ! ಏನಾತ್ರಿ?" ಅಂತ ತಿರುಗಿದೆ.

ಅತ್ತಿಯವ್ರು ಜೋಳದ ರಾಶಿಯಾಗ ಗಟ್ಟಿಮುಟ್ಟಾಗಿ ಕುಂತಿದ್ರು. ತುರುಬಿನ್ಯಾಗ ನಾಲ್ಕು ಕಾಳು. ನನ್ನ ಕಡೆ ನೋಡಲೇ ಇಲ್ಲ. ಮಗನ ಕಡೆ ಬೆರಳು ಮಾಡಿ, ಹಡಗಲಿ ತುಂಬ ಕೇಳೋ ಹಂಗ ಒದರಿದ್ರು:

"ಲೇ, ಸೈಕಲ್ ಬರಾದು ಕಾಣಲ್ಲೇನು? ದಾರಿ ಬಿಡಾಕ ಬರಲ್ಲೇನು? ತಪ್ಪು ನಿಂದಾ!"

ಇಪ್ಪತ್ತೆರಡು ವರ್ಷ ಕಾದಿದ್ದ ಮಾತು, ಅವ್ರ ಬಾಯಿಂದನಾ ಬಂತು. ಅತ್ತಿಯವ್ರಿಗೂ ತಿಳೀತು ತಾವು ಏನಂದ್ರು ಅಂತ. ನನ್ನ ಮಾರಿ ನೋಡಿದ್ರು, ಇಬ್ಬರಿಗೂ ನಗು ತಡ್ಯಾಕ ಆಗಲಿಲ್ಲ, ಜೋಳದಾಗ ಉಳ್ಳಾಡಿ ನಕ್ವಿ.

ನಕ್ಕು ನಕ್ಕು ಕಣ್ಣೀರು ಒರಸ್ಕೊಂಡು ಅತ್ತಿಯವ್ರು ನನ್ನ ತೊಡಿ ಮ್ಯಾಲ ಒಂದು ಏಟು ಹಾಕಿದ್ರು: "ಕುಂತೇನು ನೋಡ್ತೀ? ಎತ್ತು ಸೈಕಲ್ಲು. ಇನ್ನೊಂದು ಸುತ್ತು ಹೋಗೂಣು. ಈ ಸಲ ನನ್ನ ಮಗನ್ನ ಒಳಗ ಹಾಕಿ ಚಿಲಕ ಹಾಕ್ರಿ!"