ಮಾವನವರು ಜೋಲಿ ಆರಿಸಿದ್ದು

ನನ್ನನ್ನು ಸೊಸೆಯಾಗಿ ಆರಿಸಲು ನಮ್ಮ ಮಾವನವರಿಗೆ ಒಂದು ಎಲೆಯಡಿಕೆ ಜಗಿದು ಉಗುಳುವಷ್ಟು ಹೊತ್ತು ಸಾಕಾಗಿತ್ತು. ನನ್ನ ಮುಖವನ್ನಾದರೂ ನೋಡಿದರೋ ಇಲ್ಲವೋ, ನನಗೆ ಈಗಲೂ ಅನುಮಾನ! ಕೊಟ್ಟಿಗೆಗೆ ಹೋಗಿ ನಮ್ಮಪ್ಪನ ಎತ್ತುಗಳ ಮೈ ಸವರಿ, "ಮನಿತನ ಛಲೋ ಅದ" ಎಂದು ಎದ್ದುಬಿಟ್ಟರಂತೆ. ಅದೇ ಮನುಷ್ಯ ಒಂದು ಜೋಲಿಯನ್ನು ಆರಿಸಲು ಒಂದು ಸುಗ್ಗಿಯಿಂದ ಮುಂದಿನ ಸುಗ್ಗಿಯವರೆಗೆ ಊರೂರು ಅಲೆದರು. ಹಾಗಾದರೆ ಸೊಸೆಗಿಂತ ಜೋಲಿ ಹೆಚ್ಚಾಯಿತೇ ಎಂದು ನೀವು ಕೇಳಬಹುದು, ಮಕ್ಕಳೇ. ಹೌದು, ಹೆಚ್ಚಾಗಿತ್ತು. ಯಾಕೆ ಎಂಬುದನ್ನೇ ಈಗ ಬರೆಯುತ್ತಿದ್ದೇನೆ.

ಜೋಲಿ ನಿಮಗೆ ಗೊತ್ತೇ ಇದೆ. ಬಟ್ಟೆಯ ಎರಡು ತುದಿಗೆ ಹಗ್ಗ ಕಟ್ಟಿ ತೊಲೆಗೆ ತೂಗುಬಿಟ್ಟರೆ ಕೂಸಿನ ಹಾಸಿಗೆ ಆಯಿತು. ನೀವೆಲ್ಲ ಅದರಲ್ಲೇ ಬೆಳೆದವರು. ಆದರೆ ಮಾವನವರು ಹುಡುಕಿದ್ದು ಆಳುದ್ದದ ಜೋಲಿಯನ್ನು, ಅದೂ ಬಯಲಿನಲ್ಲಿ ಕಟ್ಟುವಂಥದ್ದನ್ನು. ಅದರಲ್ಲಿ ಮಲಗಬೇಕಾದವರು ನಮ್ಮ ಅತ್ತೆ.

ಅತ್ತೆಗೆ ದಮ್ಮು. ಆಗ ನಿಜಾಮನ ರಾಜ್ಯ. ನ್ಯಾಲ್ಕಲ್ ಕಡೆಯ ನಮ್ಮ ಊರಿನ ಮನೆಗಳಿಗೆಲ್ಲ ಮಣ್ಣಿನ ಮಾಳಿಗೆ. ಮುಂದೆ ದನ, ಹಿಂದೆ ಒಲೆ, ನಡುವೆ ನಾವು. ಕಿಟಕಿ ಎಂಬುದನ್ನು ನಾನು ನೋಡಿದ್ದೇ ಜಹೀರಾಬಾದಿನಲ್ಲಿ. ಒಲೆ ಹಚ್ಚಿದರೆ ಹೊಗೆ ಸಂಜೆಯ ನೆಂಟನಂತೆ ಬಂದು ಬೆಳಗಿನವರೆಗೆ ಕೂಡುತ್ತಿತ್ತು. ಅಂಗಾತ ಮಲಗಿದರೆ ಅತ್ತೆಗೆ ಉಸಿರು ಕಟ್ಟುತ್ತಿತ್ತು. ತೊಗರಿ ಚೀಲಗಳಿಗೆ ಬೆನ್ನು ಕೊಟ್ಟು ಕೂತೇ ಬೆಳಗು ಮಾಡುತ್ತಿದ್ದರು. ಜಹೀರಾಬಾದಿನ ಹಕೀಮರು ಒಂದು ಕಹಿ ಪುಡಿ ಕೊಟ್ಟು, ಹೊಗೆಯಿಂದ ಹೊರಗೆ ಮಲಗಿಸಿ, ಅಂಗಾತ ಬೇಡ, ಓರೆಯಾಗಿ ಇರಲಿ ಎಂದರು. ಅಂಗಳದಲ್ಲಿ ಹೊರಸು ಹಾಕಿ ತಲೆದಿಂಬಿನ ಮೇಲೆ ತಲೆದಿಂಬು ಒಟ್ಟಿದೆವು. ಅತ್ತೆ ಜಾರುತ್ತ ಜಾರುತ್ತ, ಕೋಳಿ ಕೂಗುವಷ್ಟರಲ್ಲಿ ಹೊರಸಿನ ಕಾಲಿನ ಹತ್ತಿರ ಸುರುಳಿಯಾಗಿರುತ್ತಿದ್ದರು. ಮರಳಿ ಹೋದಾಗ ಹಕೀಮರು ಮಾವನವರನ್ನು ಬಾಗಿಲ ಹೊರಗೆ ಕರೆದು, "ನಿದ್ದಿ ಬರಲಿಲ್ಲಂದ್ರ ಈ ಜೀವ ಭಾಳ ತಡಿಯಂಗಿಲ್ರಿ" ಎಂದರಂತೆ.

ಅದಾದ ಮೇಲೆ ಮಾವನವರು ತಾಂಡೂರಿಗೆ ತೊಗರಿ ಹೇರಿಕೊಂಡು ಹೋದರು. ಅಲ್ಲಿ ಸ್ಟೇಷನ್ನಿನ ಹಿಂದೆ ರೈಲಿನ ಯಾವನೋ ದೊಡ್ಡ ಸಾಹೇಬ ಡೇರೆ ಹಾಕಿದ್ದನಂತೆ. ಡೇರೆ ಖಾಲಿ! ಸಾಹೇಬ ಮಾತ್ರ ಹೊರಗೆ, ಎರಡು ಬೇವಿನ ಮರಗಳ ನಡುವೆ ಕಟ್ಟಿದ ಹಗ್ಗದ ಜೋಲಿಯಲ್ಲಿ, ತಲೆ ಮೇಲೆ, ಕಾಲು ಮೇಲೆ, ನಡು ಕೆಳಗೆ ಮಾಡಿಕೊಂಡು ಗೊರಕೆ ಹೊಡೆಯುತ್ತಿದ್ದನಂತೆ. ಮಾವನವರು ಬಿಸಿಲಲ್ಲಿ ನಿಂತು ನೋಡಿದರು, ನೋಡಿಯೇ ನೋಡಿದರು. ಕೊನೆಗೆ ಸಾಹೇಬನ ಬಂಟ ಬಂದು ಗದರಿದ.

"ಕ್ಯಾ ದೇಖ್ ರಾ ಬೇ?"

"ಸಾಹೇಬರ ಎದಿ ನೋಡಾಕತ್ತೀನ್ರಿ. ಹ್ಯಾಂಗ ಸರಳ ಏರಿ ಇಳಿಯಾಕತ್ತದ ನೋಡ್ರಿ!"

ಬಂಟ ಇವರನ್ನು ಹುಚ್ಚ ಎಂದು ತಿಳಿದು, ಒಂದು ತಂಬಿಗೆ ನೀರು ಕುಡಿಸಿ ಸಾಗಹಾಕಿದನಂತೆ.

ಮನೆಗೆ ಬಂದಾಗ ಅತ್ತೆ ಕೇಳಿದರು: "ಏನ್ ತಂದ್ರಿ ತಾಂಡೂರಿಂದ?"

"ನಿನಗ ನಿದ್ದಿ ಎಲ್ಲಿ ಸಿಗ್ತದಂತ ನೋಡಿ ಬಂದೀನಿ. ತರೂದೊಂದು ಬಾಕಿ ಅದ."

ಜೋಲಿಯ ಮಾತು ಕೇಳಿದೊಡನೆ ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟರು. "ಜೋಲ್ಯಾಗ ಕೂಸು ಮಲಗ್ತದ. ಇಲ್ಲಂದ್ರ ಆಸ್ಪತ್ರಿಗಿ ಹೊತಗೊಂಡು ಹೋಗೂ ಜಡ್ಡಿನವರು ಮಲಗ್ತಾರ. ನನ್ನ ಯಾವುದ್ರಾಗ ಲೆಕ್ಕ ಹಾಕೀರಿ?"

ಇದು ಬರೀ ಬಾಯಿಮಾತಲ್ಲ. ಅತ್ತೆಯ ತಾಯಿಯನ್ನು ಹಿಂದೊಮ್ಮೆ ಬಿದಿರಿಗೆ ಕಂಬಳಿ ಜೋಲಿ ಕಟ್ಟಿ ಜಹೀರಾಬಾದಿನ ದವಾಖಾನೆಗೆ ಹೊತ್ತುಕೊಂಡು ಹೋಗಿದ್ದರು. ಸಂಜೆಗೆ ಹೊತ್ತವರು ಮಾತ್ರ ತಿರುಗಿ ಬಂದರು. ಕಂಬಳಿ ಮಡಿಕೆಯಾಗಿ ಒಬ್ಬನ ಹೆಗಲ ಮೇಲಿತ್ತು. ಬಾಗಿಲಲ್ಲಿ ನಿಂತು ಅದನ್ನು ನೋಡಿದ ಹುಡುಗಿ ನಮ್ಮ ಅತ್ತೆ. ಆ ಹುಡುಗಿಗೆ ಜೋಲಿಯಲ್ಲಿ ಮಲಗು ಎಂದರೆ ಮಲಗುತ್ತಾಳೆಯೇ?

ಮಾವನವರು ವಾದ ಮಾಡಲಿಲ್ಲ. "ಮೊದಲ ಜೋಲಿ ಬರಲಿ. ಜಗಳ ಆಮ್ಯಾಲ ಮಾಡೋಣು" ಎಂದರು.

ಮೊದಲು ಬಂದದ್ದು ನಾರಾಯಣಖೇಡದ ಕೆರೆಯ ಬೆಸ್ತರ ಬಲೆ. ಮಾವನವರು ಹಗ್ಗದ ಕಣ್ಣುಗಳಲ್ಲಿ ಬೆರಳು ತೂರಿಸಿ ತೂರಿಸಿ ನೋಡುವುದನ್ನು ಕಂಡು ಬೆಸ್ತ ಕೇಳಿದನಂತೆ, "ಯಾ ಮೀನಿಗ್ರಿ ಯಜಮಾನ್ರ?" ಇವರು, "ಮಾತಾಡೂ ಮೀನದಪಾ. ಬಲಿ ಹರಕೊಂಡು ಹೋಗಬಾರದು" ಎಂದರಂತೆ.

ಅಂಗಳದ ಬೇವಿನ ಮರಕ್ಕೂ ಚಪ್ಪರದ ಕಲ್ಲುಕಂಬಕ್ಕೂ ಬಲೆ ಕಟ್ಟಿದ್ದಾಯಿತು. ಯಾವ ಜೋಲಿ ಬಂದರೂ ಮೊದಲು ತಾವೇ ಮಲಗಿ ನೋಡುವುದು ಅವರ ನೇಮ. ಬರೀ ಮಲಗಿದರೆ ಆಯಿತೇ? ಅತ್ತೆ ಕೆಮ್ಮುವ ಹಾಗೆಯೇ ಕೆಮ್ಮಿಯೂ ನೋಡಬೇಕು! ಕಣ್ಣು ಮುಚ್ಚಿ, ಎದೆ ಹಿಡಿದು, ಅತ್ತೆಯ ಕೆಮ್ಮನ್ನು ಸುರುವಿನಿಂದ ಕಡೆಯವರೆಗೆ ಕೆಮ್ಮಿದರು. ಬಲೆ ಬಳ್ ಎಂದು ಮಗುಚಿತು. ಕಾಲ್ಬೆರಳು ಮೇಲೆ ಸಿಕ್ಕಿಕೊಂಡಿದ್ದವು, ರುಮಾಲು ನೆಲದ ಮೇಲಿತ್ತು, ನಡುವೆ ಮಾವನವರು ತಲೆಕೆಳಗಾಗಿ ತೂಗುತ್ತಿದ್ದರು. ಮೀನಿನ ವಾಸನೆಗೆ ಓಣಿಯ ಬೆಕ್ಕುಗಳೆಲ್ಲ ಬಂದು ಸುತ್ತಲೂ ಕೂತವು.

"ನನಗಲ್ಲದಿದ್ರೂ ಯಾರಿಗೋ ಪಸಂದ್ ಬಂದದ ನೋಡ್ರಿ" ಎಂದು ಅತ್ತೆ ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲೇ ಇಲ್ಲ. ಮಾವನವರು ತಲೆಕೆಳಗಾಗಿದ್ದುಕೊಂಡೇ, "ಬಿಸಿನೀರು ಕೊಡ್ರಿ ಅಕಿಗಿ!" ಎಂದು ಕೂಗಿದರು. ಬಲೆ ಮರುದಿನ ನಾರಾಯಣಖೇಡಕ್ಕೆ ವಾಪಸು ಹೋಯಿತು. ಕೆಮ್ಮಿದರೆ ಮಗುಚುವ ಜೋಲಿ ನಮ್ಮ ಮನೆಗೆ ಆಗಿಬರುವುದುಂಟೇ!

ಆಮೇಲೆ ಪುಂಡಿಯ ನಾರು ಹೊಸೆದು ತಾವೇ ಒಂದು ಹೆಣೆದರು. ಅದರಲ್ಲಿ ಒಂದು ಮಧ್ಯಾಹ್ನ ಮಲಗಿ ಎದ್ದಾಗ ಅವರ ಬೆನ್ನು ಜರಡಿಯ ಅಚ್ಚು ಒತ್ತಿದ ಹಾಗಿತ್ತು. ಇಬ್ಬನಿ ಬಿದ್ದರೆ ನಾರು ಬಿಗಿದುಕೊಳ್ಳುತ್ತದೆ. ಸೊಂಟದೆತ್ತರಕ್ಕೆ ಕಟ್ಟಿದ್ದು ಬೆಳಗಾಗುವುದರಲ್ಲಿ ಎದೆಯೆತ್ತರಕ್ಕೆ ಏರಿ ಕೂತಿತ್ತು. "ಇದ್ರಾಗ ಮಲಗಿದ್ರ ಹುಣ್ಣಿಮಿ ತನಕ ಚಂದ್ರನ ಮನಿಗಿ ಹೋಗಿ ಮುಟ್ತೀನಿ" ಎಂದರು ಅತ್ತೆ.

ಅಷ್ಟರಲ್ಲಿ ಮಳೆಗಾಲ ಮುಗಿದು ಚಳಿ ಹತ್ತಿರ ಬರುತ್ತಿತ್ತು. ಅತ್ತೆಯ ಬಳೆಗಳು ಕೈ ಎತ್ತಿದರೆ ಮೊಣಕೈಗೆ ಜಾರುತ್ತಿದ್ದವು. ರೊಟ್ಟಿ ಬಡಿಯುವ ಕೆಲಸ ನನ್ನ ಪಾಲಿಗೆ ಬಂತು. ಅವರು ಗೋಡೆಗೊರಗಿ ಕೂತು ನನ್ನ ರೊಟ್ಟಿಗಳಿಗೆ ಹೆಸರಿಡುತ್ತಿದ್ದರು. ಒಂದು ರೊಟ್ಟಿಯ ಹೆಸರು ಹೇಳುವುದಕ್ಕೆ ಎರಡು ಸಲ ಉಸಿರು ತೆಗೆದುಕೊಳ್ಳುತ್ತಿದ್ದರು. ಮನೆಯಲ್ಲಿ ಜೋಲಿಯ ನಗೆ ಇತ್ತು, ಆದರೆ ನಗುತ್ತಿದ್ದವರೆಲ್ಲರ ಕಿವಿ ಅವರ ಎದೆಯ ಸಿಳ್ಳಿನ ಮೇಲೇ ಇರುತ್ತಿತ್ತು.

ಜಹೀರಾಬಾದಿನ ಪೇಟೆಯಲ್ಲಿ ಹಳೆಯ ಡೇರೆಯ ದಪ್ಪ ಬಟ್ಟೆ ಮಾರುವ ಒಬ್ಬ ಸಾಬರ ಅಂಗಡಿ ಇತ್ತು. ಮಾವನವರು ಅಲ್ಲಿಗೂ ಹೋದರು. "ಕಟ್ಟಿ ತೋರಿಸ್ರಿ" ಎಂದರು. ಪಾಪ, ಸಾಬರು ಅಂಗಡಿಯ ಮುಂದಿನ ಎರಡು ಕಂಬಕ್ಕೆ ಕಟ್ಟಿಕೊಟ್ಟರು. ಇವರು ಹತ್ತಿ ಮಲಗಿದರು. ಕೆಮ್ಮಿದರು. ಮಗುಚಲಿಲ್ಲ! ಆ ಸಂತೋಷಕ್ಕೋ, ದಾರಿಯ ದಣಿವಿಗೋ, ಅಲ್ಲೇ ನಿದ್ದೆ ಹೋದರು. ದಪ್ಪ ಬಟ್ಟೆ ಎರಡೂ ಕಡೆಯಿಂದ ಬಂದು ಮುಚ್ಚಿಕೊಂಡಿತು. ಹೊರಗೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ಹಾದಿಯಲ್ಲಿ ಹೊರಟಿದ್ದ ಕೊಹೀರಿನ ಒಬ್ಬ ಮುದುಕರು ನಿಂತು, ಚಪ್ಪಲಿ ಬಿಟ್ಟು, ಕೈ ಮುಗಿದು, ಮೆಲ್ಲನೆ ಕೇಳಿದರಂತೆ:

"ಯಾವಾಗ ಹೋದ್ರು?"

ಬಟ್ಟೆಯ ಒಳಗಿಂದ ದನಿ ಬಂತು: "ಇನ್ನಾ ಹೋಗಿಲ್ರಿ. ದರ ಹೊಂದಿಲ್ಲ."

ಮುದುಕರು ಚಪ್ಪಲಿ ಅಲ್ಲೇ ಬಿಟ್ಟು ಓಡಿದರಂತೆ! ಈ ಕಥೆಯನ್ನು ಮಾವನವರು ಎಷ್ಟೋ ಸಲ ಹೇಳಿ ನಗಿಸಿದ್ದಾರೆ. ಆದರೆ ಬಟ್ಟೆ ತರಲಿಲ್ಲ. "ಒಳಗ ಗಾಳಿ ಇಲ್ಲ. ನನಗಽ ಉಸಿರು ಕಟ್ಟಿದಂಗಾತು, ಅಕಿಗಿ ಹ್ಯಾಂಗ ಆದೀತು?" ಎಂದು ನನ್ನ ಗಂಡನ ಮುಂದೆ ಹೇಳುವಾಗ ಅವರು ನಗುತ್ತಿರಲಿಲ್ಲ.

ಕಡೆಗೆ ಮತ್ತೆ ನಾರಾಯಣಖೇಡಕ್ಕೇ ಹೋಗಿ ಒಬ್ಬ ನೇಕಾರನ ಮುಂದೆ ಕೂತರು.

"ತಮ್ಮಾ, ನನಗೊಂದು ಕೆಟ್ಟ ಬಟ್ಟಿ ನೇಯ್ದು ಕೊಡು."

ನೇಕಾರ ಬೆಚ್ಚಿಬಿದ್ದ. "ನಮ್ಮ ಮನಿತನದಾಗ ಕೆಟ್ಟ ಬಟ್ಟಿ ಯಾರೂ ನೇಯ್ದಿಲ್ರಿ."

"ದಪ್ಪ ನೂಲು ಹಾಕು. ಆದ್ರ ನಡುವ ನಡುವ ಎಳಿ ಬಿಡು. ಗಾಳಿ ಹಾಯಬೇಕು, ಮನಿಶಾ ಹಾಯಬಾರದು."

"ನಾಕ ಮಂದಿ ನೋಡಿ, ಇದನ್ನ ಯಾರು ನೇಯ್ದಾರ ಅಂತ ಕೇಳಿದ್ರ?"

"ಜೇಡರ ಹುಳ ನೇಯ್ದದ ಅಂತೀನಿ. ಆತಿಲ್ಲೋ?"

ಮಾವನವರು ಮೂರು ದಿನ ಅವನ ಜಗಲಿ ಬಿಟ್ಟು ಏಳದಿದ್ದಾಗ ನೇಕಾರ ಒಪ್ಪಿದ. ಒಪ್ಪಿದವನು ಓಣಿಯ ಮಂದಿ ನೋಡಬಾರದೆಂದು ಬಾಗಿಲು ಹಾಕಿಕೊಂಡು ನೇಯ್ದನಂತೆ! ಕಳ್ಳ ನಾಣ್ಯ ಟಂಕಿಸುವವರು ಕೂಡ ಅಷ್ಟು ಹೆದರಿರಲಿಕ್ಕಿಲ್ಲ.

ಆ ಬಟ್ಟೆ ಬಂತು. ಮೆತ್ತಗಿತ್ತು, ಉದ್ದಕ್ಕೆ ಗಟ್ಟಿಯಾಗಿತ್ತು, ಹಿಡಿದು ನೋಡಿದರೆ ಆಚೆಯ ಬೇವಿನ ಮರ ಕಾಣುತ್ತಿತ್ತು. ಮಾವನವರು ಮಲಗಿ ಅತ್ತೆಯ ಎಲ್ಲ ಬಗೆಯ ಕೆಮ್ಮನ್ನೂ ಕೆಮ್ಮಿ ನೋಡಿದರು. ಅದು ಅಲುಗಿತೇ ಹೊರತು ಮಗುಚಲಿಲ್ಲ. ಇಳಿದು ಬಂದು ಹೆಂಡತಿಯ ಮುಂದೆ ನಿಂತರು. ಅತ್ತೆ ತಲೆ ತಗ್ಗಿಸಿ ಕೂತಿದ್ದರು. ಹೆದರಿಕೆಯನ್ನು ಹೆದರಿಕೆ ಎಂದು ಹೇಳುವ ಜಾತಿ ಅವರದಲ್ಲ. ಅದಕ್ಕೇ ಒಂದು ತಡೆ ಹುಡುಕಿದರು.

"ಹೊಸ ಜೋಲ್ಯಾಗ ಹಂಗ ಮಲಗೂ ಪದ್ಧತಿ ಎಲ್ಲ್ಯದ? ಮೊದಲ ಗುಂಡಪ್ಪನ್ನ ಹಾಕಿ, ಮುತ್ತೈದೇರು ತೂಗಿ, ಜೋಗುಳ ಹಾಡಿ, ಗುಗ್ಗರಿ ಹಂಚಬೇಕು. ಅದಾದ ಮ್ಯಾಲ ನೋಡೋಣು."

ತೊಟ್ಟಿಲ ಶಾಸ್ತ್ರದಲ್ಲಿ ಕೂಸಿಗಿಂತ ಮೊದಲು ಅರೆಯುವ ಗುಂಡುಕಲ್ಲನ್ನು ಮಲಗಿಸುತ್ತಾರಲ್ಲ, ಅದೇ ಗುಂಡಪ್ಪ. ಅದು ಹೆಂಗಸರ ಶಾಸ್ತ್ರ. ಇಷ್ಟು ದೊಡ್ಡ ಮೀಸೆಯ ಗಂಡಸು ಇದಕ್ಕೆ ನಾಚಿ ಬಿಟ್ಟುಬಿಡುತ್ತಾನೆ ಎಂದು ಅತ್ತೆಯ ಎಣಿಕೆ. ಗಂಡನ ಜೊತೆ ಅಷ್ಟು ವರ್ಷ ಬಾಳಿಯೂ ಅವರಿಗೆ ತಿಳಿಯಲಿಲ್ಲವೇ!

ಮಾವನವರು ರುಮಾಲು ಸುತ್ತಿಕೊಂಡು ಓಣಿಗೆ ಇಳಿದರು. ಮನೆಮನೆಯ ಮುಂದೆ ನಿಂತು, "ನಾಳೆ ಹೊತ್ತೇರೂದ್ರಾಗ ನಮ್ಮ ಮನ್ಯಾಗ ಜೋಲಿ ಶಾಸ್ತ್ರ ಅದ, ಬರ್ರಿ" ಎಂದು ಕರೆದರು. ಕರೆದವರು ಯಾರ ಜೋಲಿ ಎಂದು ಹೇಳಲಿಲ್ಲ. ಕೇಳಿದವರಿಗೆ ಕೇಳುವ ಕಾರಣ ಕಾಣಲಿಲ್ಲ. ಮನೆಯಲ್ಲಿ ಹೊಸ ಸೊಸೆ ಇದ್ದಾಳೆ, ಮತ್ತೆ ಯಾರದು?

ಮರುದಿನ ಓಣಿಗೆ ಓಣಿಯೇ ಬಂತು. ಕುಂಚಿಗೆ ತಂದರು, ಕೊಬ್ಬರಿ ತಂದರು, ಬಾಣಂತಿಗೆಂದು ಅಂಟಿನ ಉಂಡೆ ತಂದರು. "ಗುಟ್ಟಾಗೇ ಹಡದ್ಯಲ್ಲವ್ವಾ!" ಎಂದು ನನ್ನ ಗಲ್ಲ ತಿವಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು! ಹೊಟ್ಟೆ ಹಿಡಿದುಕೊಂಡು ಒಳಗೆ ಓಡಿದೆ. ಅದನ್ನು ನೋಡಿ ಅವರಿಗೆ ಇನ್ನೂ ಖಾತ್ರಿಯಾಯಿತು. ಗುಂಡುಕಲ್ಲಿಗೆ ಕುಂಚಿಗೆ ತೊಡಿಸಿದರು, ಜೋಲಿಯ ಕೆಳಗಿಂದ ಮೇಲಕ್ಕೆ ಕೊಟ್ಟು ತೆಗೆದುಕೊಂಡರು, ತೂಗಿದರು. ಆಮೇಲೆ ಎಲ್ಲರಿಗಿಂತ ಹಿರಿಯಳಾದ ಒಬ್ಬ ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ಅಂಗಳವನ್ನೆಲ್ಲ ನೋಡಿ ಕೇಳಿದಳು:

"ಕೂಸೆಲ್ಲ್ಯದ?"

ಮಾವನವರು ಗೋಡೆಯ ಕಡೆ ಕೈ ತೋರಿಸಿದರು. "ಅಗೋ, ಅಲ್ಲಿ ಕೆಮ್ಮಾಕತ್ತದ ನೋಡಬೇ."

ಎಲ್ಲರೂ ಗೋಡೆಯ ಕಡೆ ತಿರುಗಿ ನೋಡಿದರು. ಆಮೇಲೆ ಎದ್ದ ನಗೆಗೆ ಬೇವಿನ ಮರದ ಕಾಗೆಗಳೆಲ್ಲ ಹಾರಿಹೋದವು. ಹೆಂಗಸರು ಹೋಗಿ ಅತ್ತೆಯನ್ನು ಎತ್ತಿಕೊಂಡೇ ಬಂದರು. ಎತ್ತಲು ಅವರಲ್ಲಿ ಏನು ಉಳಿದಿತ್ತು? "ಬಿಡ್ರೇ, ಬಿಡ್ರೇ, ಮಾನ ಹೋಗ್ತದ" ಎನ್ನುತ್ತಿದ್ದವರನ್ನು ಜೋಲಿಗೆ ಇಳಿಸಿ ತೂಗತೊಡಗಿದರು. ಅತ್ತೆ ಎರಡೂ ಅಂಚುಗಳನ್ನು ಮುಷ್ಟಿ ಬಿಗಿದು ಹಿಡಿದಿದ್ದರು. ಜೋಗುಳ ಒಂದು ಸುತ್ತು ಮುಗಿಯಿತು. ಎರಡನೆಯ ಸುತ್ತಿನಲ್ಲಿ ಮುಷ್ಟಿ ಒಂದೊಂದಾಗಿ ಸಡಿಲಿತು. ಹಾಡುವವರು ದನಿ ತಗ್ಗಿಸಿದರು, ಆಮೇಲೆ ನಿಲ್ಲಿಸಿದರು. ಹಗಲು ಹೊತ್ತಿನಲ್ಲಿ, ಅಷ್ಟು ಮಂದಿಯ ನಡುವೆ, ನಮ್ಮ ಅತ್ತೆ ನಿದ್ದೆ ಹೋಗಿದ್ದರು. ಗುಗ್ಗರಿ ಎಲ್ಲರ ಸೆರಗಿನಲ್ಲಿತ್ತು. ಸಪ್ಪಳವಾದೀತೆಂದು ಯಾರೂ ಒಂದು ಕಾಳನ್ನೂ ಜಗಿಯಲಿಲ್ಲ.

ಆ ಚಳಿಗಾಲ ಕಳೆಯಿತು. ಹಕೀಮರೇ ನಂಬಲಿಲ್ಲ, ಮುಂದಿನದೂ ಕಳೆಯಿತು. ಅದರ ಮುಂದಿನ ಕಾರ್ತಿಕದ ಒಂದು ಬೆಳಗಿನಲ್ಲಿ ಅತ್ತೆ ಆ ಜೋಲಿಯಿಂದ ಏಳಲಿಲ್ಲ. ದಮ್ಮಿನವರಿಗೆ ಸಿಗದ ಸಾವು, ನಿದ್ದೆಯಲ್ಲೇ ಹೋದರು ಎಂದು ಮಣ್ಣಿಗೆ ಬಂದವರೆಲ್ಲ ಹೇಳಿದರು.

ಜೋಲಿ ಬಿಚ್ಚಲು ಮಾವನವರು ಬಿಡಲಿಲ್ಲ. ಖಾಲಿ ತೊಟ್ಟಿಲು ತೂಗಬಾರದು ಎಂಬ ಮಾತು ನಮ್ಮ ಕಡೆ ಇದೆ. ಅಂಗಳದಲ್ಲಿ ಗಾಳಿ ಬೀಸಿದಾಗಲೆಲ್ಲ ಅವರು ಎದ್ದು ಹೋಗಿ ಜೋಲಿಯ ಅಂಚು ಹಿಡಿದು ನಿಲ್ಲುತ್ತಿದ್ದರು. ಗಾಳಿ ಸಂಜೆಯವರೆಗೆ ಬೀಸಿದರೆ ಸಂಜೆಯವರೆಗೆ ಹಿಡಿದಿರುತ್ತಿದ್ದರು. ತಲೆ ಕೆಟ್ಟಿದೆ ಎಂದರು ಊರವರು. ನನ್ನ ಗಂಡ ಊಟಕ್ಕೆ ಕರೆದರೆ, "ಗಾಳಿ ಅದಪಾ" ಎನ್ನುತ್ತಿದ್ದರು.

ಆ ಕಾಲದಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡುವಂತಿರಲಿಲ್ಲ. ಮೂರು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಅವರೊಡನೆ ಒಂದು ಮಾತೂ ಆಡಿರಲಿಲ್ಲ. ಒಂದು ದಿನ ಎರಡು ಹೊತ್ತಿನ ರೊಟ್ಟಿ ಹಾಗೆಯೇ ಉಳಿದಿತ್ತು. ಸೆರಗು ಹೊದ್ದುಕೊಂಡು ಹೋಗಿ ಅವರ ಪಕ್ಕ ನಿಂತೆ.

"ನಾ ಹಿಡಕೋತೀನ್ರಿ ಮಾವಾ. ನೀವು ಉಂಡು ಬರ್ರಿ."

ಅವರು ನನ್ನ ಮುಖ ನೋಡಿದರು. ಆಮೇಲೆ ಜೋಲಿಯ ಅಂಚನ್ನು ಮೆಲ್ಲನೆ ನನ್ನ ಕೈಗೆ ದಾಟಿಸಿ, ಪಿಸುದನಿಯಲ್ಲಿ ಹೇಳಿದರು:

"ಸಾವಕಾಶ ಹಿಡಿ ಯವ್ವಾ. ಅಕಿಗಿ ಈಗ ನಿದ್ದಿ ಹತ್ತ್ಯದ."