ಗುರುನಾಥನ ಎಡಗೈ

ಗುರುನಾಥ ಆಳಂದದ ನಮ್ಮ ಮನೆಗೆ ಬಂದದ್ದು ಒಂದು ಐತವಾರ ಮಧ್ಯಾಹ್ನ. ಬಾಗಿಲಿನಿಂದ ಬರಲಿಲ್ಲ, ಮೊಮ್ಮಗಳು ಸಪ್ನಾಳ ಚೀಲದಿಂದ ಬಂದ. ಒಂದು ಹಾಳೆ, ಅದರ ತುಂಬ ಖಾಲಿ ಚೌಕ. ಆಗ ಅವನು ಅಷ್ಟೇ.

"ಆಯಿ, ನಮ್ಮ ಆಟಕ್ಕ ಒಬ್ಬರು ಕಮ್ಮಿ ಬಿದ್ದಾರ. ನೀ ಬಾ," ಅಂದಳು.

ಆಟ ಅಂದರೆ ಓಡುವುದಲ್ಲ, ಕಾಯಿ ನಡೆಸುವುದೂ ಅಲ್ಲ. ಒಬ್ಬರು ಕಥೆ ಹೇಳುತ್ತಾರೆ. ಉಳಿದವರು ತಲೆಗೊಬ್ಬ ಮನುಷ್ಯನನ್ನು ಹಾಳೆಯ ಮೇಲೆ ಕಟ್ಟಿ, ಆ ಕಥೆಯೊಳಗೆ ಬಿಡುತ್ತಾರೆ. ಅವನು ಬೀಸಿದ ಏಟು ತಾಗಿತೋ ತಪ್ಪಿತೋ, ಇಪ್ಪತ್ತು ಮುಖದ ಒಂದು ದಾಳ ಹೇಳುತ್ತದೆ. ಕಥೆ ಹೇಳುವವನು ಅನೀಲಕುಮಾರ. ಕಲಬುರಗಿಯಲ್ಲಿ ಸಪ್ನಾ ಕಲಿಸುವ ಕಾಲೇಜಿನಲ್ಲೇ ಪಾಠ ಮಾಡುವ ಹುಡುಗ, ಊರು ಅಫಜಲಪುರ. ಇಬ್ಬರೂ ಮದುವೆ ಆಗುತ್ತೇವೆ ಅಂದಿದ್ದರು, ನಾವು ಆಗಲಿ ಅಂದಿದ್ದೆವು. ಅವನ ತಾಯಿ ಸುಮಿತ್ರಾಬಾಯಿ ಬಂದು ತಾರೀಖು ಹಿಡಿಯುವುದೊಂದೇ ಬಾಕಿ.

"ನಿನ್ನ ಮನಷಾ ಎಂಥಾಂವ ಇರಬೇಕು, ಆಯಿ?"

"ಎರಡೂ ಕೈಯಾಗ ಚಾಕು ಹಿಡದಾಂವ! ಒಂದ ಕೈಯಾಗ ಹಿಡದವ್ರು ಊರ ತುಂಬ ಅದಾರ."

ಅಂದದ್ದೇ ತಡ, ನನಗೆ ಹುರುಪು ಏರಿತು. ಭೂಮಂಡಲದಲ್ಲಿ ಯಾರೂ ಕಟ್ಟದಂಥ ವೀರನನ್ನು ಕಟ್ಟುತ್ತೇನೆ ಅಂತ ಒಲೆಯ ಮುಂದೆಯೇ ಶಪಥ ಮಾಡಿದೆ. ಆಟದಲ್ಲಿದ್ದ ಸಪ್ನಾಳ ಗೆಳತಿಯರ ವೀರರಿಗೆ ಬೆಂಕಿ, ಬಿರುಗಾಳಿ ಅಂತೆಲ್ಲ ಹೆಸರಿದ್ದವಂತೆ. ಕೈಯಲ್ಲಿ ಎರಡು ಚಾಕು ಇರುವವನಿಗೆ ಹೆಸರಾದರೂ ಸಭ್ಯವಾಗಿರಲಿ ಅಂತ ನಾನು ಗುರುನಾಥ ಅಂದೆ.

ಸಪ್ನಾ ಅಂಕಿ ಹಂಚತೊಡಗಿದಳು. ಚುರುಕಿಗೆ ಹೆಚ್ಚು ಹಾಕಿಸಿದೆ. ಬಲಕ್ಕೆ ಸಾಧಾರಣ.

"ಬುದ್ಧಿಗಿ ಎಷ್ಟು ಹಾಕಲಿ?"

"ಎರಡೂ ಕೈಯಾಗ ಚಾಕು ಹಿಡದು ತಿರಗಾಂವಗ ಬುದ್ಧಿ ಎಲ್ಲಿಂದ ಬರಬೇಕು ಬೇ? ಉಳದದ್ದು ಹಾಕು."

ಎಡವಟ್ಟು ಶುರುವಾದದ್ದು ಎಡಗೈಯ ಚೌಕದಲ್ಲಿ. ಎಡಗೈ ಏಟಿಗೆ ಜೋರು ಕೂಡಿಸುವ ಹಾಗಿಲ್ಲ, ಅದು ಮೆತ್ತಗೇ ಬೀಳಬೇಕು ಅಂತ ಆಟದ ಕಾಯ್ದೆ. ಆದರೆ ಆ ಕೈ ಪಳಗಿದೆ ಅಂತ ಹಾಳೆಯಲ್ಲಿ ಬರೆದರೆ ಜೋರು ಸಿಗುತ್ತದೆ.

"ಹಂಗಾರ ಬರೀತೇನಿ," ಅಂತ ಸಪ್ನಾ ಪೆನ್ನು ಎತ್ತಿದಳು.

"ನಿಂದರ! ಪಳಗಿಸಲಾರದ ಪಳಗೇದ ಅಂತ ಹೆಂಗ ಬರೀತಿ? ಮೊದಲ ನಾ ಪಳಗಿಸಿ ನೋಡ್ತೇನಿ. ಆಮ್ಯಾಲ ನಾನೇ ಬರೀತೇನಿ."

"ಆಯಿ, ಅದು ಗುರುನಾಥನ ಕೈ ಬೇ. ನಿಂದಲ್ಲ."

"ಅಂವಗ ಬ್ಯಾರೆ ಕೈ ಎಲ್ಲಿ ಅವ?"

ಮರುದಿನದಿಂದ ಅಡಿಗೆ ಮನೆಯೇ ಗರಡಿ ಮನೆ! ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಕಟ್ಟಿದೆ. ಎಡಗೈಗೆ ಚಾಕು ಕೊಟ್ಟೆ. ಮೊದಲ ಉಳ್ಳಾಗಡ್ಡಿ ಚಾಕುವಿನಡಿ ಸಿಗದೆ ಪಡಸಾಲೆ ದಾಟಿ ಓಡಿತು. ಬದನೆಕಾಯಿ ಕೊಯ್ದದ್ದನ್ನು ನೋಡಿ ಸೊಸೆ, "ಅತ್ತಿ, ಇದು ಪಲ್ಯಾದ್ದೋ, ಒಲಿಗಿ ಹಾಕೂದೋ?" ಅಂತ ಕೇಳಿದಳು. ನಾನು ಎದೆಗುಂದಲಿಲ್ಲ. ಕಸ ಎಡಗೈಲೆ ಹೊಡೆದೆ, ನೀರು ಎಡಗೈಲೆ ತುಂಬಿದೆ, ಹಿಟ್ಟು ಎಡಗೈಲೆ ನಾದಿದೆ. ಬರುಬರುತ್ತ ಸೌತೆಕಾಯಿ ನಾಣ್ಯದಂತೆ ದುಂಡಗೆ ಬೀಳತೊಡಗಿತು. ಕಡೆಗೆ ಸೆರಗು ಬಿಚ್ಚಿ ಎರಡೂ ಕೈಗೆ ಚಾಕು ಕೊಟ್ಟೆ. ಒಂದು ಕಡೆ ಮೂಲಂಗಿ, ಇನ್ನೊಂದು ಕಡೆ ಗಜ್ಜರಿ, ಏಕಕಾಲಕ್ಕೆ ಧರೆಗುರುಳಿದವು! ಅವತ್ತೇ ಹಾಳೆಯ ಮೇಲೆ ಒಂದೊಂದೇ ಅಕ್ಷರ ಕೂಡಿಸಿ ಬರೆದೆ: ಎಡಗೈ ಪಳಗಿದೆ.

ಪಳಗಿದ್ದು ಸ್ವಲ್ಪ ಹೆಚ್ಚೇ ಆಗಿತ್ತು. ಕರೆಯದಿದ್ದರೂ ಎಡಗೈ ಮುಂದೆ ಬರುತ್ತಿತ್ತು. ನೆರೆಮನೆಯ ಪ್ಯಾರಿಬಿ ಹೆಪ್ಪಿಗೆ ಮೊಸರು ಕೇಳಲು ಬಂದಳು, ಬಟ್ಟಲು ಕೊಟ್ಟೆ. ಅವಳು ತೆಗೆದುಕೊಳ್ಳದೆ ನನ್ನ ಮುಖ ನೋಡಿದಳು.

"ಯಾಕ ಆಯಿ, ಎಡಗೈಲೆ ಕೊಡಾಕತ್ತೀರಿ? ನನ್ನ ಮ್ಯಾಲ ಸಿಟ್ಟದ ಏನು?"

ನಕ್ಕು ಕೈ ಬದಲಿಸಿದೆ. ಅಲ್ಲಿಗೆ ಎಚ್ಚರ ಆಗಬೇಕಿತ್ತು. ಆಗಲಿಲ್ಲ.

ಸುಮಿತ್ರಾಬಾಯಿ ಮಗನನ್ನು ಕರೆದುಕೊಂಡು ಬರುವ ದಿನ ಬಂತು. "ಆಯಿ, ನಮ್ಮತ್ತಿ ರೀತಿ ರಿವಾಜಿನಾಗ ಭಾಳ ಕಟ್ಟುನಿಟ್ಟು," ಅಂತ ಸಪ್ನಾ ಬೆಳಗಿನಿಂದ ಹೇಳುತ್ತಲೇ ಇದ್ದಳು. "ಹೋದ ವರ್ಷ ಒಂದ ಮನಿಯಾಗ ಕಾಲಿಗಿ ನೀರು ಕೊಡ್ಲಿಲ್ಲಂತ ಹೊಸ್ತಿಲದಾಗಿಂದ ಹೊಳ್ಳಿ ಹೋಗ್ಯಾರ. ಇವತ್ತ ತಾರೀಖು ಹಿಡೀಲಿಲ್ಲಂದ್ರ ನನ್ನ ಗತಿ ಮುಗೀತು."

ನೀರು ಕೊಟ್ಟೆವು. ನನ್ನ ಮಗ, ಸಪ್ನಾಳ ಅಪ್ಪ ಜಗದೇವಪ್ಪ ಕೈಮುಗಿದು ಕೂಡಿಸಿದ. ಊಟಕ್ಕೆ ಶೇಂಗಾ ಹೋಳಿಗೆ. ಬಡಿಸುವ ಗೌರವ ಮನೆಯ ಹಿರಿಯಳಾದ ನನ್ನದು. ಬಲಗೈ ತುಪ್ಪದ ಚಮಚ ಎತ್ತಿತ್ತು. ಸುಮ್ಮನೆ ಕೂಡುವುದು ಎಡಗೈಗೆ ಆಗಲಿಲ್ಲ. ಚಿಮ್ಮಿ ಹೋಗಿ, ಹೋಳಿಗೆ ಹಿಡಿದು, ಬೀಗತಿಯ ತಾಟಿನ ನಡುಮಧ್ಯ ಬಿಟ್ಟು ಬಂತು. ಅದರ ಬೆನ್ನಿಗೇ ತುಪ್ಪ! ಗುರುನಾಥ ನೋಡಿದ್ದರೆ ಮೆಚ್ಚುತ್ತಿದ್ದ.

ಸುಮಿತ್ರಾಬಾಯಿ ತಾಟು ಹಿಂದಕ್ಕೆ ಸರಿಸಿದರು.

"ಎಡಗೈಲೆ ಬಡಸ್ತೀರೇನ್ರಿ? ನಮ್ಮ ಅಫಜಲಪುರದಾಗ ನಾಯಿಗೂ ಹಿಂಗ ಹಾಕಂಗಿಲ್ಲ."

ಸುಳ್ಳು ಹೇಳಿದ್ದರೆ ಉಳಿಯುತ್ತಿದ್ದೆನೇನೋ. ಹೇಳಲಿಲ್ಲ.

"ಬೇಕಂತ ಮಾಡಿಲ್ರಿ. ಎರಡೂ ಕೈಲೆ ಚಾಕು ಬೀಸೂದು ಕಲಿಯಾಕತ್ತೇನಿ. ಅದಕ್ಕ ಹಿಂಗಾತು."

"ಚಾಕು? ಯಾರ ಸಲುವಾಗಿ?"

"ಗುರುನಾಥನ ಸಲುವಾಗಿ."

"ಯಾರ್ರಿ ಅಂವ?"

"ಇಲ್ಲದ ಮನಷಾ."

"ಸತ್ತಾನೇನ್ರಿ?"

"ಇನ್ನಾ ಇಲ್ರಿ. ಮುಂದಿನ ಐತವಾರ ಗೊತ್ತಾಗ್ತದ."

ಜಗದೇವಪ್ಪ ಕಣ್ಣು ಮುಚ್ಚಿದ. ಸುಮಿತ್ರಾಬಾಯಿ ಎದ್ದು ಚೀಲ ಬಗಲಿಗೆ ಹಾಕಿದರು.

"ಈ ವಯಸ್ಸಿನಾಗ ಇದನ್ನ ನಿಮಗ ಕಲಸಿದ ಪುಣ್ಯಾತ್ಮ ಯಾರ್ರಿ?"

ನಾನು ಅನೀಲಕುಮಾರನ ಕಡೆ ನೋಡಿದೆ. ಅವನು ಹೋಳಿಗೆಯ ಕಡೆ ನೋಡಿದ.

"ಅವ್ವಾ, ಅದು ಆಟ," ಅಂದ ಕಡೆಗೆ. "ನಾನೇ ಆಡಸ್ತೇನಿ. ಸಪ್ನಾನೂ ನಾನೂ ಗುರ್ತ ಆದದ್ದೇ ಈ ಆಟದಾಗ."

"ಆಟ? ಹಂಗಾರ ನನ್ನ ಮುಂದ ಆಡ್ರಿ. ಖರೆ ಇದ್ರ ಕೂಡ್ತೇನಿ. ಇಲ್ಲಂದ್ರ ಬಸ್ಸಿನ ವ್ಯಾಳ್ಯಾ ಆಗೇದ."

ತಾಟು ಬದಿಗೆ ಸರಿದವು, ಹಾಳೆ ಬಂತು, ದಾಳ ಬಂತು. ಅನೀಲಕುಮಾರ ಕಥೆ ತೆಗೆದ. ಹಳ್ಳದ ಸೇತುವೆ ಮೇಲೆ ರಕ್ಕಸ ನಿಂತಿದ್ದಾನೆ, ಎದುರಿಗೆ ಗುರುನಾಥ. ಬಲಗೈ ಚಾಕು ಬೀಸಿದೆ. ದಾಳ ಮೂರು ತೋರಿಸಿತು. ಗಾಳಿಗೆ ಹೋಯಿತು.

"ಈಗ ಎಡಗೈ, ಆಯಿ."

ನಾನು ಎಡಗೈ ಮೇಲೆ ಕೂತುಬಿಟ್ಟಿದ್ದೆ. "ಆ ಕೈ ಬ್ಯಾಡಪ್ಪಾ. ಬೀಗತಿ ಮುಂದ ಇನ್ನ ಅದನ್ನ ಹೊರಗ ತೆಗ್ಯಂಗಿಲ್ಲ."

"ತೆಗೀಲಿಲ್ಲಂದ್ರ ರಕ್ಕಸ ಗುರುನಾಥನ್ನ ಹಳ್ಳಕ್ಕ ಒಗೀತಾನ."

"ಒಗೀಲಿ."

ಸುಮಿತ್ರಾಬಾಯಿ ಹಾಳೆ ನೋಡಿದರು, ದಾಳ ನೋಡಿದರು, ನನ್ನನ್ನು ನೋಡಿದರು.

"ಅಲ್ರೀ, ಏನ ಮಂದಿ ನೀವು! ಬೀಗತಿಗಿ ಎಡಗೈಲೆ ಹೋಳಗಿ ಹಾಕ್ತೀರಿ, ರಕ್ಕಸಗ ಮರ್ಯಾದಿ ಕೊಡ್ತೀರಿ! ಸರೀರಿ ಆ ಕಡೆ!"

ಚೀಲ ಬಗಲಲ್ಲೇ ಇತ್ತು. ಬಗ್ಗಿ, ತಮ್ಮ ಎಡಗೈಲೆ ದಾಳ ಎತ್ತಿ ಒಗೆದರು. ಅದು ಉರುಳಿ ಉಪ್ಪಿನಕಾಯಿ ಬಟ್ಟಲಿಗೆ ಬಡಿದು ನಿಂತಿತು. ಇಪ್ಪತ್ತು! ಅದಕ್ಕಿಂತ ದೊಡ್ಡ ಅಂಕಿ ದಾಳದಲ್ಲೇ ಇಲ್ಲ. ರಕ್ಕಸ ಎರಡು ತುಂಡಾಗಿ ಹಳ್ಳಕ್ಕೆ ಬಿದ್ದ. ಸೊಸೆ ಅಡಿಗೆ ಮನೆಯಿಂದಲೇ ಚಪ್ಪಾಳೆ ತಟ್ಟಿದಳು.

ಸುಮಿತ್ರಾಬಾಯಿ ಚೀಲ ಇಳಿಸಿ, ಕೂತು, ತಾಟು ಮುಂದಕ್ಕೆ ಎಳೆದುಕೊಂಡರು.

"ಹೋಳಗಿ ಹಾಕ್ರಿ," ಅಂದರು. "ಬಲಗೈಲೆ."

ಹೋಳಿಗೆಯ ಮೇಲೆಯೇ ತಾರೀಖು ಹಿಡಿದಾಯಿತು. ಹೊರಡುವಾಗ ಬೀಗತಿ ಆ ದಾಳವನ್ನು ಕೇಳಿ ತೆಗೆದುಕೊಂಡು ಹೋದರು.

ಅಂದಿನಿಂದ ಗುರುನಾಥನ ಎಡಗೈ ಅವರ ಪಾಲು, ಬಲಗೈ ನನ್ನ ಪಾಲು. ಐತವಾರ ಬಂತೆಂದರೆ ಅಫಜಲಪುರದಿಂದ ಫೋನಿನಲ್ಲಿ ದಾಳ ಉರುಳುವ ಸದ್ದು. ಅವರು ಹದಿನೆಂಟು ಅನ್ನುತ್ತಾರೆ, ಹತ್ತೊಂಬತ್ತು ಅನ್ನುತ್ತಾರೆ. ಸುಳ್ಳು ಹೇಳುವ ಹೆಂಗಸಲ್ಲ, ಅದೇ ನನ್ನ ದುಃಖ. ನನ್ನ ಬಲಗೈಗೆ ಎರಡು ಬೀಳುತ್ತದೆ, ನಾಲ್ಕು ಬೀಳುತ್ತದೆ. ಅಷ್ಟು ಬದನೆಕಾಯಿ ಬಲಿಕೊಟ್ಟು ಪಳಗಿಸಿದ ಕೈಯಿಂದ ಕೀರ್ತಿ ಬೀಗತಿಗೆ!

ಮೊನ್ನೆ ಐತವಾರ ಕಾಳಗದ ನಡುವೆ ಅನೀಲಕುಮಾರ ಕಥೆ ನಿಲ್ಲಿಸಿದ.

"ಆಯಿ, ಗುರುನಾಥ ನಿಮಗ ಒಂದು ಮಾತು ಕೇಳ್ಬೇಕಂತಾನ್ರಿ."

"ಕೇಳಲಿ. ಕಟ್ಟಿದಾಕಿ ನಾನೇ ಅಲ್ಲಾ!" ಅಂದೆ ಹೆಮ್ಮೆಯಿಂದ.

ಅವನು ಗಂಟಲು ಸರಿಮಾಡಿಕೊಂಡು ಗುರುನಾಥನ ದನಿಯಲ್ಲಿ ಕೇಳಿದ: "ಆಯೀ, ಬಲಗೈಯಾಗಿನ ಚಾಕು ಇನ್ನ ಕೆಳಗ ಇಡಲೇನ್ರಿ? ಸುಮ್ಮನ ಭಾರ ಆಗಾಕತ್ತದ."